ಕಾಯಿಲೆ ಕಾಲದಲ್ಲಿ ಬಾಡಿಗೆ ಮನೆ: ‘ಎರಡು ದಿನದಲ್ಲಿ ಖಾಲಿ ಮಾಡಿ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಯಜಮಾನರು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿದ್ದಾರೆ. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆ ಜೋರಾಗಿದ್ದಾಗ, ಯಜಮಾನರಿಗೆ ಪಾಸಿಟಿವ್ ಬಂತು. ಫ್ಯಾಕ್ಟರಿ ಮುಚ್ಚಿದ್ದರಿಂದ ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ಬಾಡಿಗೆ ತಿಂಗಳಿಗೆ 8,000, ಅಡ್ವಾನ್ಸ್ 80,000. ಓನರ್ ‘ಎರಡು ದಿನದಲ್ಲಿ ಖಾಲಿ ಮಾಡಿ’ ಅಂದರು. ನೀರಿನ ವಾಲ್ವ್ ಬಂದ್ ಮಾಡಿದರು. ಬೇರೆ ದಾರಿ ಇಲ್ಲದೆ ಸಾಮಾನು ಟೆಂಪೋಗೆ ಹಾಕಿಕೊಂಡು ಊರಿಗೆ ಹೋದೆವು. ಅಡ್ವಾನ್ಸ್‌ನಲ್ಲಿ 35,000 ಮಾತ್ರ ವಾಪಸ್ ಬಂತು. ಬಾಡಿಗೆ ಕೇಳಬಾರದು, ಖಾಲಿ ಮಾಡಿಸಬಾರದು ಅಂತ ಸರ್ಕಾರವೇ ಆದೇಶ ಮಾಡಿತ್ತಲ್ಲ, ಅದು ನಮಗೆ ಯಾಕೆ ಸಿಗಲಿಲ್ಲ? ಮುಂದೆ ಇಂಥದ್ದೇ ಕಾಯಿಲೆ ಬಂದರೆ ನಮಗೆ ಏನು ರಕ್ಷಣೆ ಇದೆ? ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಸಿಗುತ್ತದಾ? ಉಳಿದ ಅಡ್ವಾನ್ಸ್ ಈಗ ಕೇಳಬಹುದಾ?
— ಓದುಗರು, ಪೀಣ್ಯ

ಉತ್ತರ: ನಿಮ್ಮ ಓನರ್ ಮಾಡಿದ್ದು ತಪ್ಪು. ಅದನ್ನು ತಪ್ಪು ಅನ್ನಲು ಕೊರೊನಾ ಕಾಲದ ಯಾವ ಆದೇಶವೂ ಬೇಕಿರಲಿಲ್ಲ. ಬಾಡಿಗೆದಾರರನ್ನು ಮನೆಯಿಂದ ಹೊರಗೆ ಹಾಕಿಸುವ ಅಧಿಕಾರ ಇರುವುದು ಕೋರ್ಟಿಗೆ, ಓನರ್‌ಗೆ ಅಲ್ಲ. ಬಾಡಿಗೆ ಬಾಕಿ ಇರಲಿ, ಕರಾರಿನ ಅವಧಿ ಮುಗಿದಿರಲಿ, ಮನೆಯಲ್ಲಿ ಕಾಯಿಲೆಯವರಿರಲಿ, ಅವರು ನೋಟಿಸ್ ಕೊಡಬಹುದು, ಆಮೇಲೆ ದಾವೆ ಹಾಕಬಹುದು. ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಬೇಕು. ಹದಿನಾರನೇ ದಿನ ಬೀಗ ಹಾಕಬಹುದು ಅಂತ ಇದರ ಅರ್ಥ ಅಲ್ಲ. ದಾವೆ ನಡೆದು ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಆಗಬೇಕು, ಡಿಕ್ರಿ ಜಾರಿಗೆ ಕೋರ್ಟಿನ ಅಮೀನರು ಬರಬೇಕು. ಅಲ್ಲಿಯವರೆಗೆ ಮನೆ ನಿಮ್ಮ ಸ್ವಾಧೀನದಲ್ಲೇ ಇರುತ್ತದೆ.

ನೀರು ನಿಲ್ಲಿಸುವುದು, ಕರೆಂಟ್ ಫ್ಯೂಸ್ ಕೀಳುವುದು, ಗೇಟಿಗೆ ಬೀಗ ಹಾಕುವುದು, ಇವೆಲ್ಲ ಬಾಯಲ್ಲಿ ‘ಹೋಗಿ’ ಅನ್ನದೆ ಕೈಯಿಂದ ಕಳಿಸುವ ದಾರಿಗಳು. ಇಂಥದ್ದು ನಡೆದರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಹೊರಗೆ ಹಾಕಿಯೇ ಬಿಟ್ಟರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಅದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಕಾನೂನಿನ ದಾರಿ ಬಿಟ್ಟು, ಒಪ್ಪಿಗೆ ಇಲ್ಲದೆ, ನಿಮ್ಮನ್ನು ಹೊರಹಾಕಿದ್ದರೆ ಆರು ತಿಂಗಳ ಒಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಈ ದಾವೆಯಲ್ಲಿ ಮನೆಯ ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ‘ಮನೆ ನನ್ನದು’ ಅನ್ನುವುದು ಅಲ್ಲಿ ಉತ್ತರ ಆಗುವುದಿಲ್ಲ. ನೀವು ಅಲ್ಲಿ ಇದ್ದಿರಾ, ನಿಮ್ಮನ್ನು ಹೇಗೆ ಹೊರಗೆ ಹಾಕಿದರು ಅನ್ನುವುದಷ್ಟೇ ಲೆಕ್ಕ. ನಿಮ್ಮ ವಿಷಯದಲ್ಲಿ ಆ ಅವಧಿ ಮುಗಿದು ವರ್ಷಗಳಾಗಿವೆ. ಆದರೆ ಮುಂದಿನ ಸಲಕ್ಕೆ ನೆನಪಿರಲಿ.

ಈಗ ನೀವು ಕೇಳಿದ ಆದೇಶಕ್ಕೆ ಬರೋಣ. ಲಾಕ್‌ಡೌನ್ ಶುರುವಾದ ನಾಲ್ಕು ದಿನಕ್ಕೆ, 2020ರ ಮಾರ್ಚ್ 29ರಂದು, ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ಆದೇಶ ಹೊರಡಿಸಿತು. ಜನ ಹೆದ್ದಾರಿ ಹಿಡಿದು ಊರಿನ ಕಡೆ ನಡೆಯುತ್ತಿದ್ದ ದಿನಗಳವು. ಅವರನ್ನು ಇದ್ದಲ್ಲೇ ಉಳಿಸುವುದು ಆದೇಶದ ಉದ್ದೇಶ. ಬಾಡಿಗೆ ಬಗ್ಗೆ ಅದರಲ್ಲಿ ಎರಡು ಮಾತುಗಳಿದ್ದವು. ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ, ವಲಸೆ ಬಂದವರೂ ಸೇರಿ, ಒಂದು ತಿಂಗಳು ಬಾಡಿಗೆ ಕೇಳಬಾರದು. ಕಾರ್ಮಿಕರನ್ನು, ವಿದ್ಯಾರ್ಥಿಗಳನ್ನು ಬಲವಂತವಾಗಿ ಖಾಲಿ ಮಾಡಿಸುವ ಓನರ್ ಮೇಲೆ ಕ್ರಮ ಆಗುತ್ತದೆ.

ಓದಲು ಚೆನ್ನಾಗಿದೆ. ಆದರೆ ವಕೀಲರ ಕಣ್ಣಲ್ಲಿ ಓದಿ ನೋಡಿ. ‘ಕೇಳಬಾರದು’ ಎಂದಿದೆ, ‘ಬಾಡಿಗೆ ಮನ್ನಾ’ ಎಂದಿಲ್ಲ. ಒಂದು ತಿಂಗಳು ಕಳೆದ ಮೇಲೆ ಎರಡೂ ತಿಂಗಳದ್ದು ಒಟ್ಟಿಗೆ ಕೊಡಿ ಅಂದರೆ ಆದೇಶ ಅದನ್ನು ತಡೆಯುವುದಿಲ್ಲ. ಆ ತಿಂಗಳ ದುಡ್ಡು ಯಾರು ತುಂಬಬೇಕು ಅನ್ನುವುದಕ್ಕೂ ಅದರಲ್ಲಿ ಉತ್ತರ ಇಲ್ಲ. ನೀವು ಮನೆ ಬಿಟ್ಟಿದ್ದು 2021ರ ಮೇನಲ್ಲಿ. ಬಾಡಿಗೆ ಕೇಳಬಾರದೆಂಬ ಆ ಒಂದು ತಿಂಗಳು ಮುಗಿದು ಆಗಲೇ ವರ್ಷ ದಾಟಿತ್ತು.

ಇನ್ನೊಂದು ಸಂಗತಿಯನ್ನು ಆಗ ಯಾರೂ ಹೆಚ್ಚು ಮಾತಾಡಲಿಲ್ಲ. ಆದೇಶ ಮೀರಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕೇಳಲು ಗಟ್ಟಿ. ಆದರೆ ಅದೇ ಕಾಯ್ದೆಯ 60ನೇ ಸೆಕ್ಷನ್ ನೋಡಿ. ಕೋರ್ಟು ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರವೋ, ವಿಪತ್ತು ನಿರ್ವಹಣಾ ಪ್ರಾಧಿಕಾರವೋ, ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ದೂರು ಕೊಡಬೇಕು. ಸಾಮಾನ್ಯ ಮನುಷ್ಯ ದೂರು ಕೊಡಬೇಕಾದರೆ ಮೊದಲು ಅವರಿಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು. ಆದೇಶದ ಆಯಸ್ಸು ಒಂದು ತಿಂಗಳು, ದೂರಿಗೆ ಮುಂಚಿನ ನೋಟಿಸಿನ ಆಯಸ್ಸೂ ಒಂದು ತಿಂಗಳು! ಸರ್ಕಾರಿ ಅಧಿಕಾರಿಯ ಆದೇಶ ಉಲ್ಲಂಘನೆಗೆ ಆಗ ಬಳಸುತ್ತಿದ್ದ ಭಾರತೀಯ ದಂಡ ಸಂಹಿತೆಯ 188ಕ್ಕೂ (ಈಗ ಭಾರತೀಯ ನ್ಯಾಯ ಸಂಹಿತೆಯ 223) ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ಅಂದರೆ ತಹಶೀಲ್ದಾರರೋ ಜಿಲ್ಲಾಧಿಕಾರಿಗಳೋ ಮನಸ್ಸು ಮಾಡದೆ ಈ ಆದೇಶ ಒಬ್ಬ ಬಾಡಿಗೆದಾರರ ಕೈಗೂ ಬರುವಂಥದ್ದಲ್ಲ. ಆದೇಶ ಜಾರಿ ಮಾಡಿಸಿ ಅಂತ ಹಾಕಿದ ಅರ್ಜಿಯನ್ನು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಕೈಗೆತ್ತಿಕೊಳ್ಳಲಿಲ್ಲ.

ದೆಹಲಿಯದ್ದು ಇನ್ನೂ ಸ್ವಾರಸ್ಯದ ಕಥೆ. ಅದೇ ಮಾರ್ಚ್ 29ರಂದು ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಪತ್ರಿಕಾಗೋಷ್ಠಿಯಲ್ಲಿ, ಬಡ ಬಾಡಿಗೆದಾರರಿಗೆ ಕೊಡಲಾಗದಿದ್ದರೆ ಆ ಬಾಡಿಗೆಯನ್ನು ಸರ್ಕಾರ ಕೊಡುತ್ತದೆ ಎಂದರು. ಕೊಡಲಿಲ್ಲ. ಕೆಲವರು ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ, ಮುಖ್ಯಮಂತ್ರಿ ಕೊಟ್ಟ ಮಾತನ್ನು ಸುಮ್ನೆ ಗಾಳಿಗೆ ಬಿಡುವ ಹಾಗಿಲ್ಲ, ಸರ್ಕಾರ ಒಂದು ನಿರ್ಧಾರಕ್ಕೆ ಬರಬೇಕು ಎಂದಿತು. ಎರಡು ತಿಂಗಳಿಗೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠದಿಂದ ಅದಕ್ಕೆ ತಡೆ ಬಂತು. ಆದೇಶ ಇದ್ದಲ್ಲಿ ದುಡ್ಡಿರಲಿಲ್ಲ, ದುಡ್ಡಿನ ಮಾತು ಬಂದಲ್ಲಿ ಆದೇಶ ಇರಲಿಲ್ಲ.

ನಮ್ಮ ಹೈಕೋರ್ಟ್ ಮಾತ್ರ ಬೇಗ ಎಚ್ಚೆತ್ತಿತು. 2020ರ ಮಾರ್ಚ್ ಕೊನೆಯಲ್ಲೇ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡು, ರಾಜ್ಯದ ಕೋರ್ಟುಗಳು ಅಷ್ಟರಲ್ಲಿ ಕೊಟ್ಟಿದ್ದ ಮನೆ ಖಾಲಿ ಮಾಡಿಸುವ, ಸ್ವಾಧೀನ ತಪ್ಪಿಸುವ, ಕೆಡವುವ ಆದೇಶಗಳನ್ನು ತಡೆಹಿಡಿಯಿತು, ಆಮೇಲೆ ವಿಸ್ತರಿಸುತ್ತಾ ಹೋಯಿತು. ಒಳ್ಳೆಯ ಕೆಲಸ. ಆದರೆ ಅದರ ಲಾಭ ಯಾರಿಗೆ ಸಿಕ್ಕಿತು ನೋಡಿ. ಯಾರ ಮೇಲೆ ಓನರ್ ಕೇಸು ಹಾಕಿ, ಗೆದ್ದು, ಡಿಕ್ರಿ ತಂದಿದ್ದರೋ ಅವರು ಮನೆಯಲ್ಲಿ ಉಳಿದರು. ಯಾರನ್ನು ಬಾಯಿಮಾತಲ್ಲಿ ಹೊರಟುಹೋಗಿ ಅಂದರೋ, ಅಂದರೆ ನಿಮ್ಮಂಥವರು, ಟೆಂಪೋ ಹತ್ತಿದರು. ಕೋರ್ಟಿನ ತಪ್ಪು ಇದಲ್ಲ. ತನ್ನ ಮುಂದೆ ಬಂದ ಕಾಗದವನ್ನು ಮಾತ್ರ ಕೋರ್ಟು ತಡೆಯಬಲ್ಲದು. ನಮ್ಮಲ್ಲಿ ಖಾಲಿ ಮಾಡಿಸುವುದು ಬಹುಪಾಲು ಕಾಗದವೇ ಇಲ್ಲದೆ ನಡೆಯುತ್ತದೆ.

ನೀವು ನರ್ಸ್ ಆಗಿರುವುದರಿಂದ ನಿಮಗೆ ಪ್ರತ್ಯೇಕವಾದ ಒಂದು ರಕ್ಷಣೆ ಇದೆ. 2020ರಲ್ಲಿ ದೆಹಲಿಯಲ್ಲಿ, ನಮ್ಮಲ್ಲೂ, ಡಾಕ್ಟರು ನರ್ಸುಗಳನ್ನು ಓನರ್‌ಗಳು ಮನೆ ಬಿಡಿಸಿದ ಸುದ್ದಿ ಬಂದವು. ಚಪ್ಪಾಳೆ ತಟ್ಟಿದ ಕೈಗಳೇ ಗೇಟಿಗೆ ಬೀಗ ಹಾಕಿದವು. ಆ ವರ್ಷ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಿದ್ದಿತು. ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಒಪ್ಪಿಗೆಯೂ ಸಿಕ್ಕಿತು. ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ನಡೆಯುವ ‘ಹಿಂಸೆ’ಯನ್ನು ಅದು ಶಿಕ್ಷಾರ್ಹ ಮಾಡಿತು. ಹೊಡೆಯುವುದಷ್ಟೇ ಹಿಂಸೆ ಅಲ್ಲ. ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆ ಕೊಟ್ಟು ಕರ್ತವ್ಯ ಮಾಡದ ಹಾಗೆ ಕಾಟ ಕೊಡುವುದೂ ಅದರಲ್ಲಿ ಸೇರಿದೆ. ಮೂರು ತಿಂಗಳಿಂದ ಐದು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಜಾಮೀನು ಸುಲಭಕ್ಕೆ ಸಿಗದ ಅಪರಾಧ. ಇಲ್ಲಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು, 30 ದಿನದ ನೋಟಿಸಿನ ಗೋಳಿಲ್ಲ. ಮನೆಯಲ್ಲಿ ಪಾಸಿಟಿವ್ ಬಂದಿದ್ದು ಯಜಮಾನರಿಗೆ, ಹಾಗಾಗಿ ಇದು ಅನ್ವಯಿಸುವುದಿಲ್ಲ ಅಂತ ಓನರ್ ವಾದ ಮಾಡಲು ಜಾಗ ಇದೆ. ಆದರೂ ನೀರು ನಿಲ್ಲಿಸಿ ಡ್ಯೂಟಿಯಲ್ಲಿರುವ ನರ್ಸನ್ನು ಊರು ಬಿಡಿಸಿದ್ದು ಈ ಸೆಕ್ಷನ್ನಿನ ಬಾಗಿಲು ತಟ್ಟುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್ ಅಮ್ಮ’ ಅಂದರೆ ಈ ಕಾಯ್ದೆಯ ಹೆಸರು ಹೇಳಿ.

ಬಾಗಿಲಿಗೆ ಅಂಟಿಸುತ್ತಿದ್ದ ಕ್ವಾರಂಟೈನ್ ಸ್ಟಿಕ್ಕರ್ ಬಗ್ಗೆಯೂ ಒಂದು ಮಾತು. ಎಷ್ಟೋ ಓನರ್‌ಗಳು ತಲೆ ಕೆಡಿಸಿಕೊಂಡಿದ್ದು ಅದನ್ನು ನೋಡಿಯೇ. ಅಧಿಕಾರ ಇರುವವರು ವಿಪತ್ತು ಕಾಯ್ದೆಯಡಿ ನಿರ್ದಿಷ್ಟವಾಗಿ ಆದೇಶ ಮಾಡದೆ ರೋಗಿಗಳ ಮನೆ ಮುಂದೆ ಪೋಸ್ಟರ್ ಹಚ್ಚುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 9ರಂದು ಹೇಳಿತು. ಅಷ್ಟರಲ್ಲಿ ಮೊದಲ ಅಲೆಯೇ ಮುಗಿಯುತ್ತಾ ಬಂದಿತ್ತು.

ಇನ್ನು ಬಾಕಿ ಬಾಡಿಗೆಯ ವಿಷಯ. ಇದರಲ್ಲಿ ನಿಮಗೆ ಸಿಹಿ ಸುದ್ದಿ ಇಲ್ಲ. ಲಾಕ್‌ಡೌನ್ ಆಗಿತ್ತು, ದುಡಿಮೆ ಇರಲಿಲ್ಲ, ಆದ್ದರಿಂದ ಬಾಡಿಗೆ ಕೊಡಬೇಕಿಲ್ಲ ಅನ್ನುವ ವಾದವನ್ನು ಕೋರ್ಟುಗಳು ಒಪ್ಪಿಲ್ಲ. ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಪ್ರಕರಣದಲ್ಲಿ 2020ರ ಮೇ 21ರಂದು ದೆಹಲಿ ಹೈಕೋರ್ಟ್ ಇದನ್ನು ವಿವರವಾಗಿ ಚರ್ಚಿಸಿತು. ಕರಾರಿನಲ್ಲೇ ಅಂಥ ಷರತ್ತು ಇದ್ದರೆ ಸರಿ, ಇಲ್ಲದಿದ್ದರೆ ಜಾಗ ನಿಮ್ಮ ಕೈಯಲ್ಲಿ ಇರುವಷ್ಟು ದಿನ ಬಾಡಿಗೆ ಕೊಡಲೇಬೇಕು ಅನ್ನುವುದು ಅದರ ಸಾರ. ಬಾಡಿಗೆ ಕೊಡಲು ಸ್ವಲ್ಪ ಕಾಲಾವಕಾಶ ಮಾತ್ರ ಸಿಕ್ಕಿತು. ಅದು ಅಂಗಡಿಯ ಪ್ರಕರಣ, ಆದರೆ ಕಾನೂನಿನ ತರ್ಕ ಮನೆಗೂ ಅದೇ. ಸಮಾಧಾನಕ್ಕೆ ಒಂದು ಅಂಶ ಇದೆ. ಬಾಡಿಗೆ ಕಟ್ಟಿಲ್ಲ, ಕರಾರು ರದ್ದು ಅಂತ ಓನರ್ ದಾವೆ ಹಾಕಿದರೂ, ವಿಚಾರಣೆಯ ಹೊತ್ತಿಗೆ ಬಾಕಿ, ಬಡ್ಡಿ, ಖರ್ಚು ಕಟ್ಟಿದರೆ ಮನೆ ಉಳಿಸಿಕೊಡುವ ಅಧಿಕಾರ ಆಸ್ತಿ ವರ್ಗಾವಣೆ ಕಾಯ್ದೆಯ 114ನೇ ಸೆಕ್ಷನ್ನಿನಲ್ಲಿ ಕೋರ್ಟಿಗಿದೆ. ಕಾನೂನಿಗೆ ಬೇಕಾಗಿರುವುದು ದುಡ್ಡು, ನಿಮ್ಮ ತಲೆ ಅಲ್ಲ.

‘ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಒಂದಿದೆಯಲ್ಲ’ ಅಂತ ನೀವು ಕೇಳಬಹುದು. ಇದೆ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ 1999ರ ಕಾಯ್ದೆ, 2001ರ ಕೊನೆಯಲ್ಲಿ ಜಾರಿಗೆ ಬಂತು. ಓನರ್ ಯಾವ ಯಾವ ಕಾರಣಕ್ಕೆ ಮಾತ್ರ ಖಾಲಿ ಮಾಡಿಸಬಹುದು ಅಂತ ಅದರಲ್ಲಿ ಪಟ್ಟಿಯೇ ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಸಣ್ಣ ಊರುಗಳಲ್ಲಿ ಆ ಮಿತಿ 2,000. ಇವತ್ತು ಪೀಣ್ಯದಲ್ಲಿ 3,500ಕ್ಕೆ ಏನು ಸಿಗುತ್ತದೆ ಹೇಳಿ? ಒಂದು ಶೀಟಿನ ಕೋಣೆಯೂ ಕಷ್ಟ. ಬಡವರ ಮನೆಗೆ ಅಂತ ಹಾಕಿದ ಗೆರೆ ಈಗ ಬಡವರ ತಲೆಯ ಕೆಳಗೇ ಇದೆ. 8,000 ಕೊಡುತ್ತಿದ್ದ ನೀವು ಆ ಕಾಯ್ದೆಯ ಹೊರಗೆ. ನಿಮಗೆ ಉಳಿದಿದ್ದು ಮೇಲೆ ಹೇಳಿದ ಸಾಮಾನ್ಯ ಕಾನೂನು ಮತ್ತು ನಿಮ್ಮ ಕರಾರುಪತ್ರ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ 80,000. ಬಾಕಿ ಇದ್ದದ್ದು 16,000. ಓನರ್ ಕೈಯಲ್ಲಿ ನಿಮ್ಮದೇ ದುಡ್ಡು ಅದರ ಐದರಷ್ಟು ಇತ್ತು. ಹೀಗಿರುವಾಗ ‘ಬಾಡಿಗೆ ಕೊಟ್ಟಿಲ್ಲ’ ಅಂತ ಹೊರಗೆ ಹಾಕುವುದಕ್ಕೆ ಅರ್ಥವೇನು? ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿಯನ್ನು ಹೊರಗಿನವರು ಕೇಳಿದರೆ ಹುಬ್ಬೇರಿಸುತ್ತಾರೆ. ಬಾಡಿಗೆದಾರರು ಓಡಿಹೋದರೆ, ಬಾಡಿಗೆ ಕೊಡದಿದ್ದರೆ ಅಂತ ಓನರ್ ತನ್ನ ಭದ್ರತೆಗೆ ಇಟ್ಟುಕೊಳ್ಳುವ ದುಡ್ಡು ಅದು. ಬಾಡಿಗೆ ನಿಂತುಹೋದ ಆ ಎರಡು ತಿಂಗಳು ಅದನ್ನು ಬಳಸುವ ಕಾಲವೇ ಆಗಿತ್ತಲ್ವಾ? ಆದರೆ ನಮ್ಮ ಕರಾರುಗಳಲ್ಲಿ ಅಡ್ವಾನ್ಸ್ ‘ಖಾಲಿ ಮಾಡುವಾಗ ಬಡ್ಡಿ ಇಲ್ಲದೆ ಹಿಂದಿರುಗಿಸುವ’ ಹಣ. ನಡುವೆ ಮುಟ್ಟುವ ಹಾಗಿಲ್ಲ. ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ ಅಂದರೆ ಓನರ್ ಒಪ್ಪುವುದಿಲ್ಲ, ಒಪ್ಪಬೇಕು ಅನ್ನುವ ಕಾನೂನೂ ಇಲ್ಲ. ಸರ್ಕಾರ ಅವತ್ತು ‘ಬಾಡಿಗೆ ಕೇಳಬೇಡಿ’ ಅನ್ನುವ ಬದಲು ‘ಬಾಕಿಯನ್ನು ಅಡ್ವಾನ್ಸ್‌ನಿಂದ ಮುರಿದುಕೊಳ್ಳಿ, ಅದು ಎರಡು ತಿಂಗಳ ಬಾಡಿಗೆಯ ಮಟ್ಟಕ್ಕೆ ಇಳಿಯುವ ತನಕ ಖಾಲಿ ಮಾಡಿಸಬೇಡಿ’ ಎಂದಿದ್ದರೆ, ಖಜಾನೆಯಿಂದ ಒಂದು ರೂಪಾಯಿ ಹೋಗದೆ ಈ ಊರಿನ ಎಷ್ಟೋ ಸಂಸಾರಗಳು ಇದ್ದಲ್ಲೇ ಉಳಿಯುತ್ತಿದ್ದವು. ನನ್ನ ವಾದ ಇಷ್ಟೇ. ಕಾಯಿಲೆ ಬಂದ ಮೇಲೆ ಹೊರಡುವ ಆದೇಶ ತಡವಾಗುತ್ತದೆ. ಬಾಡಿಗೆದಾರರ ಬಲ ಇರುವುದು ಕಾಯಿಲೆಗೆ ಮುಂಚೆ ಬರೆದ ಕಾಗದದಲ್ಲಿ, ಆ ಕಾಗದದೊಳಗೆ ಅಡ್ವಾನ್ಸ್‌ನ ಬಗ್ಗೆ ಇರುವ ಒಂದು ಸಾಲಿನಲ್ಲಿ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಬೇರೆ ದಾರಿ ಹಿಡಿಯಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವ ಹಾಗಿಲ್ಲ. ಎಲ್ಲ ಕರಾರೂ ಬರಹದಲ್ಲೇ ಇರಬೇಕು, ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ನೀರು, ಕರೆಂಟು ನಿಲ್ಲಿಸುವ ಹಾಗಿಲ್ಲ. ಯುದ್ಧ, ಪ್ರವಾಹ, ಭೂಕಂಪದಂಥ ಹೊತ್ತಿನಲ್ಲಿ ಕರಾರಿನ ಅವಧಿ ಮುಗಿದರೆ, ಆ ವಿಪತ್ತು ಮುಗಿದ ಮೇಲೆ ಒಂದು ತಿಂಗಳವರೆಗೆ ಹಳೆಯ ಷರತ್ತಿನ ಮೇಲೇ ಇರಲು ಬಿಡಬೇಕು. ತಮಾಷೆ ಏನೆಂದರೆ, ಎರಡನೇ ಅಲೆಯ ನಡುವೆ ಒಪ್ಪಿಗೆ ಪಡೆದ ಈ ಮಾದರಿಯ ವಿಪತ್ತುಗಳ ಪಟ್ಟಿಯಲ್ಲಿ ಸಾಂಕ್ರಾಮಿಕ ರೋಗದ ಹೆಸರೇ ಇಲ್ಲ! ‘ಪ್ರಕೃತಿಯಿಂದ ಆಗುವ ಇತರ ವಿಪತ್ತು’ ಅನ್ನುವ ಮಾತಿನೊಳಗೆ ಅದನ್ನು ಎಳೆದು ತರಬೇಕು. ಅಲ್ಲದೆ ಇದು ಮಾದರಿ ಮಾತ್ರ, ರಾಜ್ಯ ಒಪ್ಪಿದರೆ ಉಂಟು. ನಮ್ಮಲ್ಲಿ ಈಗಲೂ ನಡೆಯುತ್ತಿರುವುದು 1999ರ ಕಾಯ್ದೆಯೇ. ಎರಡು ತಿಂಗಳ ಅಡ್ವಾನ್ಸ್ ನನಗೆ ಇಷ್ಟ. ಉಳಿದ ಎಂಟು ತಿಂಗಳ ದುಡ್ಡು ನಿಮ್ಮ ಬ್ಯಾಂಕಿನಲ್ಲೇ ಇರುತ್ತದೆ. ಆದರೆ ಅದೇ ಮಾದರಿಯಲ್ಲಿ ಎರಡು ತಿಂಗಳು ಸತತವಾಗಿ ಬಾಡಿಗೆ ಕೊಡದಿದ್ದರೆ ಖಾಲಿ ಮಾಡಿಸಲು ಅದೇ ಕಾರಣ ಆಗುತ್ತದೆ. ಅದನ್ನೂ ನೋಡಿಕೊಳ್ಳಬೇಕು.

ಓನರ್ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯ. ಪೀಣ್ಯ, ಲಗ್ಗೆರೆ, ಬೊಮ್ಮನಹಳ್ಳಿ ಕಡೆ ಮನೆ ಕೊಡುವವರಲ್ಲಿ ಬಹಳ ಮಂದಿ ದೊಡ್ಡ ಸಾಹುಕಾರರಲ್ಲ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಸಾಲ ಮಾಡಿ ಮೂರು ಮಹಡಿ ಎಬ್ಬಿಸಿ, ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಬಿಟ್ಟವರು. ಅಡ್ವಾನ್ಸ್ ಹಣ ಆಗಲೇ ಗಾರೆ, ಕಬ್ಬಿಣಕ್ಕೆ ಹೋಗಿರುತ್ತದೆ. 35,000 ಮಾತ್ರ ಕೊಟ್ಟದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಆದರೆ ಗಮನಿಸಿ. ಸಾಲ ಇದ್ದ ಓನರ್‌ಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದೇ ಮೂರು ತಿಂಗಳ ಕಂತು ಮುಂದೂಡಿಕೆಗೆ ದಾರಿ ಮಾಡಿತು, ಆಮೇಲೆ ಅದು ಆಗಸ್ಟ್ 31ರವರೆಗೆ ಹೋಯಿತು. ಬಡ್ಡಿ ಬೆಳೆಯುತ್ತಿತ್ತು, ನಿಜ. ಆದರೂ ಅದು ಬ್ಯಾಂಕುಗಳು ಪಾಲಿಸಿದ ವ್ಯವಸ್ಥೆ. ಬಾಡಿಗೆದಾರರಿಗೆ ಸಿಕ್ಕ ಮುಂದೂಡಿಕೆ ಒಂದು ತಿಂಗಳು, ಅದನ್ನು ಪಾಲಿಸುವವರು ಯಾರೂ ಇರಲಿಲ್ಲ. ರಾಜ್ಯ ಸರ್ಕಾರ 2020ರ ಮೇ 6ರಂದು 1,610 ಕೋಟಿಯ ಪ್ಯಾಕೇಜ್ ಘೋಷಿಸಿ ಆಟೊ–ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000 ಎಂದಿತು. ವೃತ್ತಿ ನೋಡಿ ಕೊಟ್ಟರು, ತಲೆ ಮೇಲಿನ ಬಾಡಿಗೆಯ ಲೆಕ್ಕ ಹಾಕಲಿಲ್ಲ.

ಅಮೆರಿಕದಲ್ಲಿ ಆದೇಶ, ದುಡ್ಡು ಎರಡನ್ನೂ ಕೊಟ್ಟರು. 2020ರ ಸೆಪ್ಟೆಂಬರ್ 4ರಿಂದ ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಖಾಲಿ ಮಾಡಿಸುವುದನ್ನು ತಡೆಯಿತು. ಬಾಡಿಗೆದಾರರು ಒಂದು ಘೋಷಣೆಗೆ ಸಹಿ ಹಾಕಿ ಓನರ್ ಕೈಗೆ ಕೊಟ್ಟರೆ ಸಾಕು. ಜೊತೆಗೆ ಬಾಕಿ ಬಾಡಿಗೆ ತುಂಬಲು ಎರಡು ಕಂತಿನಲ್ಲಿ 46 ಬಿಲಿಯನ್ ಡಾಲರಿಗೂ ಹೆಚ್ಚು ಹಣ ಇಟ್ಟರು. 2021ರ ಆಗಸ್ಟ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್, ರೋಗ ನಿಯಂತ್ರಣ ಕೇಂದ್ರಕ್ಕೆ ಇಷ್ಟು ಅಧಿಕಾರ ಇಲ್ಲ ಅಂತ ತಡೆಯನ್ನು ತೆಗೆದುಹಾಕಿತು. ದುಡ್ಡು ಕೆಲವು ರಾಜ್ಯಗಳಲ್ಲಿ ಅರ್ಜಿ, ದಾಖಲೆ ಅಂತ ನಿಧಾನವಾಗಿ ಹೋಯಿತು. ಆದರೂ ಅಲ್ಲಿಂದ ಬಂದ ಒಂದು ಅಧ್ಯಯನವನ್ನು ಹೇಳಲೇಬೇಕು. 2020ರ ಬೇಸಿಗೆಯಲ್ಲಿ ಇಂಥ ತಡೆಯನ್ನು ಬೇಗ ತೆಗೆದ 27 ರಾಜ್ಯಗಳಲ್ಲಿ ಅದರಿಂದ ಸುಮಾರು 4.33 ಲಕ್ಷ ಹೆಚ್ಚುವರಿ ಸೋಂಕು, 10,700 ಹೆಚ್ಚುವರಿ ಸಾವು ಆಗಿರಬಹುದು ಅಂತ ಸಂಶೋಧಕರು ಅಂದಾಜು ಮಾಡಿದರು. ಮನೆ ಬಿಟ್ಟವರು ಬೀದಿಗೆ ಹೋಗುವುದು ಕಡಿಮೆ, ಅಕ್ಕನ ಮನೆಗೋ ಗೆಳೆಯರ ರೂಮಿಗೋ ಹೋಗಿ ಆರು ಜನರ ಜಾಗದಲ್ಲಿ ಹತ್ತು ಜನ ಆಗುತ್ತಾರೆ. ನೀವೂ ಪಾಸಿಟಿವ್ ಆದ ಯಜಮಾನರನ್ನು ಕರೆದುಕೊಂಡು ಊರಿಗೇ ಹೋದಿರಿ. ನಿಮ್ಮ ಓನರ್ ತಮ್ಮ ಮನೆಯ ಅಪಾಯವನ್ನು ಒಂದು ಹಳ್ಳಿಗೆ ಸಾಗಿಸಿದರು ಅಷ್ಟೇ.

ಸರ್ಕಾರಿ ಬಾಡಿಗೆ ಮನೆ ಬಗ್ಗೆ ಕೇಳಿದ್ದೀರಿ. ಇದಕ್ಕೆ ಉತ್ತರ ಚಿಕ್ಕದು: ನೀವು ಅರ್ಜಿ ಹಾಕಿ ಪಡೆಯುವಂಥ ಸರ್ಕಾರಿ ಬಾಡಿಗೆ ಮನೆ ಬೆಂಗಳೂರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಾಜೀವ್ ಗಾಂಧಿ ವಸತಿ ನಿಗಮ, ಕೊಳೆಗೇರಿ ಅಭಿವೃದ್ಧಿ ಮಂಡಳಿ, ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ಮನೆ ಯೋಜನೆ, ಇವುಗಳ ಗುರಿ ಸ್ವಂತ ಮನೆ. ಫಲಾನುಭವಿಯ ಪಾಲಿನ ದುಡ್ಡು ಹೊಂದಿಸಬೇಕು, ವರ್ಷಗಟ್ಟಲೆ ಕಾಯಬೇಕು. ಬಾಡಿಗೆಗೆ ಅಂತ ಮನೆ ಕಟ್ಟುವ ಯೋಚನೆ ಕೇಂದ್ರಕ್ಕೆ ಬಂದದ್ದೇ ಲಾಕ್‌ಡೌನ್ ಆದ ಮೇಲೆ. 2020ರ ಜುಲೈ 8ರಂದು ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಹಳೆಯ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸುಮಾರು 1.08 ಲಕ್ಷ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ದಾರಿ, ಕಂಪನಿಗಳು ತಮ್ಮ ಜಾಗದಲ್ಲಿ ಕಟ್ಟಿ 25 ವರ್ಷ ಬಾಡಿಗೆಗೆ ಬಿಡುವುದು ಇನ್ನೊಂದು. ಚಂಡೀಗಢ, ಸೂರತ್‌ನಂಥ ಬೆರಳೆಣಿಕೆಯ ಊರುಗಳಲ್ಲಿ ಹಳೆಯ ಮನೆಗಳು ತುಂಬಿದವು. 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಕಂತಿನಲ್ಲಿ ಬಾಡಿಗೆ ವಸತಿಯನ್ನು ನಾಲ್ಕು ಭಾಗಗಳಲ್ಲಿ ಒಂದಾಗಿ ಸೇರಿಸಿದ್ದಾರೆ. ನಿಮ್ಮ ಹತ್ತಿರ ಅಂಥದ್ದು ಬಂದರೆ ಪಾಲಿಕೆ ಕಚೇರಿಯಲ್ಲಿ ವಿಚಾರಿಸಿ.

ದಕ್ಷಿಣದಲ್ಲೇ ಬೇರೆ ಪ್ರಯತ್ನಗಳಿವೆ. ಕೇರಳ ಸರ್ಕಾರ ಪಾಲಕ್ಕಾಡಿನ ಕಂಜಿಕೋಡಿನಲ್ಲಿ ವಲಸೆ ಕಾರ್ಮಿಕರಿಗೆ ‘ಅಪ್ನಾ ಘರ್’ ಎಂಬ 640 ಹಾಸಿಗೆಯ ಹಾಸ್ಟೆಲ್ ಕಟ್ಟಿತು. ತಮಿಳುನಾಡು 2024ರಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯ ಮಹಿಳೆಯರಿಗಾಗಿ ವಲ್ಲಂ ವಡಗಾಲ್‌ನಲ್ಲಿ 18,720 ಹಾಸಿಗೆಯ ವಸತಿ ಶುರು ಮಾಡಿತು. ಇವು ಒಳ್ಳೆಯದೇ. ಆದರೆ ಸಂಸಾರಸ್ಥರಿಗೆ ಜಾಗ ಇಲ್ಲ. ಕಾರ್ಖಾನೆಗೆ ಅಂಟಿದ ಮನೆಯಾದರೆ ಕೆಲಸ ಹೋದ ದಿನವೇ ಮನೆಯೂ ಹೋಗುವ ಭಯ ಇದೆ. ಸಾಂಕ್ರಾಮಿಕದಲ್ಲಿ ಮೊದಲು ಹೋಗುವುದು ಕೆಲಸವೇ ತಾನೆ?

ಕಾಯಿಲೆ ಬಂದಾಗ ವಸತಿ ನೆನಪಾಗುವುದು ಈ ಊರಿಗೆ ಹೊಸದೂ ಅಲ್ಲ. 1898ರ ಪ್ಲೇಗಿನಲ್ಲಿ ಪೇಟೆಯ ಕಿಕ್ಕಿರಿದ ಮನೆಗಳು ಖಾಲಿಯಾದವು. ಗಾಳಿ ಬೆಳಕು, ಅಗಲದ ರಸ್ತೆ ಇರುವ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದು ನಿಂತದ್ದು ಆ ಕಾಲದಲ್ಲೇ. ಸೈಟು ಕೊಂಡವರು ಹೋದರು, ಉಳಿದವರು ಪೇಟೆಗೇ ವಾಪಸ್ ಬಂದರು. 1897ರ ಕಾಯ್ದೆಯೂ ಮುಂಬಯಿ ಪ್ಲೇಗಿನ ಕೂಸು. ರೋಗಿಯನ್ನು ಹುಡುಕಿ ಬೇರೆ ಮಾಡುವುದು ಅದರ ಚಿಂತೆ, ಮನೆಯಲ್ಲಿ ಉಳಿಸಿಕೊಳ್ಳುವುದಲ್ಲ.

ಈಗ ನಿಮ್ಮ ಕೈಯಲ್ಲಿ ಏನಿದೆ ನೋಡೋಣ. ಮುಂದಿನ ಕರಾರು ಬರೆಸುವಾಗ, ಹನ್ನೊಂದು ತಿಂಗಳದ್ದೇ ಆದರೂ ಸರಿ, ಈ ಒಂದು ಷರತ್ತು ಸೇರಿಸಲು ಕೇಳಿ: ‘ಸಾಂಕ್ರಾಮಿಕ ರೋಗದ ಕಾರಣ ಸರ್ಕಾರ ನಿರ್ಬಂಧ ಹಾಕಿದ ಅವಧಿಯಲ್ಲಿ ಬಾಡಿಗೆ ಬಾಕಿಯಾದರೆ ಅದನ್ನು ಮುಂಗಡ ಹಣದಿಂದ ಮುರಿದುಕೊಳ್ಳತಕ್ಕದ್ದು. ಮುಂಗಡದಲ್ಲಿ ಎರಡು ತಿಂಗಳ ಬಾಡಿಗೆಯಷ್ಟು ಉಳಿದಿರುವವರೆಗೆ ಬಾಕಿಯ ಕಾರಣಕ್ಕೆ ಮನೆ ಖಾಲಿ ಮಾಡಿಸತಕ್ಕದ್ದಲ್ಲ. ನಿರ್ಬಂಧ ಮುಗಿದ ಆರು ತಿಂಗಳಲ್ಲಿ ಬಾಡಿಗೆದಾರರು ಮುಂಗಡವನ್ನು ಮೊದಲಿನಷ್ಟಕ್ಕೆ ತುಂಬತಕ್ಕದ್ದು.’ ಕೊನೆಯ ವಾಕ್ಯ ಓನರ್‌ಗೂ ಸಮಾಧಾನ ಕೊಡುತ್ತದೆ, ಅದನ್ನು ಬಿಡಬೇಡಿ. ಎಲ್ಲರೂ ಒಪ್ಪುವುದಿಲ್ಲ. ಮನೆ ಹಿಡಿಯುವ ದಿನ ಕೇಳಿದರೆ ಕೆಲವರಾದರೂ ಒಪ್ಪುತ್ತಾರೆ. ಅಡ್ವಾನ್ಸ್ ಮತ್ತು ಬಾಡಿಗೆ ಎರಡನ್ನೂ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ನಗದಿನಲ್ಲಿ ಕೊಡಲೇಬೇಕಾದರೆ ರಸೀದಿ ಕೇಳಿ. ಖಾಲಿ ಮಾಡಿ ಅಂದರೆ ಬಾಯಲ್ಲಿ ಜಗಳ ಬೇಡ, ‘ನೀವು ಇವತ್ತು ಹೀಗೆ ಹೇಳಿದಿರಿ, ನಾವು ಒಪ್ಪಿಲ್ಲ’ ಅಂತ ವಾಟ್ಸ್‌ಆ್ಯಪ್ ಹಾಕಿ. ನೀರು ನಿಲ್ಲಿಸಿದರೆ ಆ ದಿನವೇ ಫೋಟೊ ತೆಗೆದಿಟ್ಟುಕೊಂಡು 112ಕ್ಕೆ ಫೋನ್ ಮಾಡಿ. ಫೋನಿನ ದಾಖಲೆ ಮುಂದೆ ತಡೆಯಾಜ್ಞೆ ಕೇಳುವಾಗ ಕೆಲಸಕ್ಕೆ ಬರುತ್ತದೆ.

ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಅರ್ಜಿ ನಿಮ್ಮ ಹೆಸರಲ್ಲೇ ಇರಲಿ, ಕರಾರಿನಲ್ಲೂ ಯಜಮಾನರ ಜೊತೆ ನಿಮ್ಮ ಹೆಸರು ಇರಲಿ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಕೊನೆಗೆ ನಿಮ್ಮ ಹಳೆಯ ಅಡ್ವಾನ್ಸ್. 80,000ದಲ್ಲಿ ಬಾಕಿ 16,000 ಕಳೆಯಿರಿ, ಪೇಂಟಿಂಗ್‌ಗೆ ಅಂತ ರೂಢಿಯ ಒಂದು ತಿಂಗಳದ್ದು 8,000 ಕಳೆಯಿರಿ. ನಿಮಗೆ 56,000 ಬರಬೇಕಿತ್ತು, 21,000 ಕಡಿಮೆ ಬಂದಿದೆ. ಇಂಥ ಹಣ ಕೇಳಲು ಮೂರು ವರ್ಷದ ಕಾಲಮಿತಿ. ಕೊರೊನಾ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆ ಎಣಿಸಿದರೂ ನಿಮ್ಮ ಮೂರು ವರ್ಷ 2025ರ ಫೆಬ್ರುವರಿ ಕೊನೆಗೆ ಮುಗಿದಿದೆ. ಅದಕ್ಕೆ ಮುಂಚೆ ಓನರ್ ‘ಇಷ್ಟು ಕೊಡಬೇಕಿದೆ’ ಅಂತ ಬರೆದು ಸಹಿ ಮಾಡಿಕೊಟ್ಟಿದ್ದರೆ ಮಾತ್ರ ಆ ತಾರೀಖಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಹಳೆಯ ಚೀಟಿ, ಲೆಕ್ಕದ ಪುಸ್ತಕ, ಸ್ಟ್ಯಾಂಪ್ ಪೇಪರಿನ ಹಿಂಬದಿ, ಎಲ್ಲವನ್ನೂ ಒಮ್ಮೆ ಹುಡುಕಿ. ಅಂಥದ್ದು ಸಿಕ್ಕರೆ ಅದನ್ನು ತೆಗೆದುಕೊಂಡು ಈ ವಾರವೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ.